ಕೊಟ್ಟಿಗೆಯ ಬಕೆಟ್ ನೀರಿನ ವ್ಯವಸ್ಥೆ: ಸೋರದ ಫಿಟ್ಟಿಂಗ್ ಆರಿಸುವುದು ಹೇಗೆ?



ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುತ್ತದೆ. ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಒಣಮೇವು ತಿನ್ನುವಾಗ, ಅದರಲ್ಲೂ ಬೇಸಿಗೆಯಲ್ಲಿ, 60 ರಿಂದ 80 ಲೀಟರ್ ನೀರು ಕುಡಿಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ನೀರು ತೋರಿಸಿದರೆ ಅಷ್ಟು ಹೊಟ್ಟೆ ಸೇರುವುದಿಲ್ಲ. ಆದ್ದರಿಂದ ಹಲವು ರೈತರು ತಮ್ಮ ಕೈಯಾರೆ ಬಕೆಟ್ ಮತ್ತು ಪೈಪ್ ಜೋಡಿಸಿ, ಹಸುವಿನ ಮುಂದೆ 24 ಗಂಟೆಯೂ ನೀರು ಇರುವಂತೆ ಮಾಡಿಕೊಳ್ಳುತ್ತಿದ್ದಾರೆ. ಖರ್ಚು ಕಡಿಮೆ, ಕೆಲಸ ಸುಲಭ. ಆದರೆ ಕೆಲವೇ ದಿನಗಳಲ್ಲಿ ಸೋರಿಕೆ ಶುರುವಾಗುವುದು ಸಾಮಾನ್ಯ ದೂರು. ಸೋರಿದ ಮೇಲೆ ಏನಾದರೂ ಮೆತ್ತಿ ನಿಲ್ಲಿಸುವುದು ಕಷ್ಟ. ಸೋರಿಕೆ ತಡೆಯುವ ಕೆಲಸ ಅಂಗಡಿಯಲ್ಲಿ ಫಿಟ್ಟಿಂಗ್ ಆರಿಸುವಾಗ ಮತ್ತು ಬಕೆಟ್‌ಗೆ ರಂಧ್ರ ಕೊರೆಯುವಾಗಲೇ ಆಗಬೇಕು.

ವ್ಯವಸ್ಥೆ ಹೇಗಿರುತ್ತದೆ?

ನಾಲ್ಕು ಹಸುಗಳಿಗೆ ಒಂದೇ ಎತ್ತರದ, ದಪ್ಪ ಗೋಡೆಯ, ಅಗಲ ಬಾಯಿಯ ಐದು ಬಕೆಟ್ ಬೇಕು. ನಾಲ್ಕು ಬಕೆಟ್ ಹಸುಗಳ ಮುಂದೆ ಇರಲಿ. ಐದನೆಯದು ಹಸುವಿನ ಬಾಯಿಗೆ ಸಿಗದ ಕಡೆ ಇರುವ ಮಟ್ಟದ ಬಕೆಟ್. ಇದಕ್ಕೆ ಮಾತ್ರ ಫ್ಲೋಟ್ ವಾಲ್ವ್ ಹಾಕಬೇಕು. ಎಲ್ಲ ಬಕೆಟ್‌ಗಳ ತಳವನ್ನೂ ಒಂದೇ ಪೈಪ್‌ಗೆ ಜೋಡಿಸಿದರೆ ಮಟ್ಟದ ಬಕೆಟ್‌ನಲ್ಲಿ ನೀರು ಎಷ್ಟಿದೆಯೋ ಉಳಿದವುಗಳಲ್ಲೂ ಅಷ್ಟೇ ನಿಲ್ಲುತ್ತದೆ. ಹಸು ಕುಡಿದಂತೆ ಮಟ್ಟ ಇಳಿಯುತ್ತದೆ, ಫ್ಲೋಟ್ ತೆರೆದು ಮೇಲಿನ ಟ್ಯಾಂಕ್‌ನಿಂದ ನೀರು ಬರುತ್ತದೆ.

ಗಾರೆ ಕೆಲಸದವರು ಬಳಸುವ ಮಟ್ಟದ ಟ್ಯೂಬ್ ಹಿಡಿದು ಎಲ್ಲ ಬಕೆಟ್‌ಗಳ ಬಾಯಿಯನ್ನು ಒಂದೇ ಮಟ್ಟಕ್ಕೆ ತನ್ನಿ. ನೀರು ಬಾಯಿಗಿಂತ ಮೂರು ನಾಲ್ಕು ಇಂಚು ಕೆಳಗೆ ನಿಲ್ಲುವಂತೆ ಫ್ಲೋಟ್ ಹೊಂದಿಸಿ.

ಸಣ್ಣ ಸೋರಿಕೆ ಎಂದು ಬಿಡಬೇಡಿ

ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಸುಮಾರು 4 ಲೀಟರ್ ನೀರು ಹೋಗುತ್ತದೆ. ಅಂತಹ ಐದು ಜಾಯಿಂಟ್ ಇದ್ದರೆ 20 ಲೀಟರ್. ಅದಕ್ಕಿಂತ ದೊಡ್ಡ ನಷ್ಟ ನೆಲದ ಮೇಲಾಗುತ್ತದೆ. ಸದಾ ಒದ್ದೆಯಾದ ನೆಲದಲ್ಲಿ ಗೊರಸು ಮೆತ್ತಗಾಗಿ ಹುಣ್ಣಾಗುತ್ತದೆ. ಸಗಣಿ ನೀರಿನಲ್ಲಿ ಮಲಗಿದ ಹಸುವಿನ ಮೊಲೆತೊಟ್ಟಿನ ಮೂಲಕ ರೋಗಾಣು ಒಳಸೇರಿ ಕೆಚ್ಚಲು ಬಾವು ಬರುತ್ತದೆ. ಇನ್ನೊಂದು ಮಾತು: ಫ್ಲೋಟ್ ವಾಲ್ವ್ ಸೋರಿದಷ್ಟನ್ನೂ ತುಂಬುತ್ತಲೇ ಇರುವುದರಿಂದ ಬಕೆಟ್ ನೋಡಿ ಸೋರಿಕೆ ಗೊತ್ತಾಗುವುದಿಲ್ಲ. ಮೇಲಿನ ಟ್ಯಾಂಕ್ ಖಾಲಿಯಾದ ದಿನವೇ ತಿಳಿಯುತ್ತದೆ.

ಮೂರು ಬಗೆಯ ಜಾಯಿಂಟ್, ಮೂರು ಬಗೆಯ ಸೀಲ್

ಇದು ಈ ಪಾಠದ ಮುಖ್ಯ ಅಂಶ. ಬಕೆಟ್ ಗೋಡೆಯ ಜಾಯಿಂಟನ್ನು ರಬ್ಬರ್ ವಾಷರ್ ಸೀಲ್ ಮಾಡುತ್ತದೆ. ಥ್ರೆಡ್ ಜಾಯಿಂಟನ್ನು ಟೆಫ್ಲಾನ್ ಟೇಪ್ ಸೀಲ್ ಮಾಡುತ್ತದೆ. ಪೈಪ್ ಮತ್ತು ಎಲ್ಬೋ, ಟೀ ಮುಂತಾದವನ್ನು ಸಾಲ್ವೆಂಟ್ ಸಿಮೆಂಟ್ ಬೆಸೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ಸೋರುತ್ತದೆ.

1. ಬಕೆಟ್ ಗೋಡೆಗೆ ಟ್ಯಾಂಕ್ ನಿಪ್ಪಲ್

ಬಕೆಟ್‌ನ ಪ್ಲಾಸ್ಟಿಕ್ ಬೇರೆ, ಪಿವಿಸಿ ಪೈಪ್‌ನ ಪ್ಲಾಸ್ಟಿಕ್ ಬೇರೆ. ಬಕೆಟ್‌ಗೆ ಸಾಲ್ವೆಂಟ್ ಸಿಮೆಂಟ್ ಅಂಟುವುದಿಲ್ಲ. ಎಂ-ಸೀಲ್ ಮೆತ್ತಿದರೂ ಕೆಲವೇ ದಿನ, ನಂತರ ಬಿಟ್ಟುಕೊಳ್ಳುತ್ತದೆ. ಇಲ್ಲಿಗೆ ಟ್ಯಾಂಕ್ ನಿಪ್ಪಲ್ ಸರಿಯಾದ ಫಿಟ್ಟಿಂಗ್.

ಮುಕ್ಕಾಲು ಇಂಚಿನ ನಿಪ್ಪಲ್ ಕೊಳ್ಳಿ. ಅದರ ವಾಷರ್ ಮೆತ್ತಗಿನ, ದಪ್ಪ ರಬ್ಬರಿನದಾಗಿರಲಿ. ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಗಡುಸಾದ ಪ್ಲಾಸ್ಟಿಕ್ ವಾಷರ್ ಬೇಡ.

ಬಕೆಟ್‌ನ ಪಕ್ಕದ ಗೋಡೆ ಬಾಗಿರುತ್ತದೆ. ಚಪ್ಪಟೆ ವಾಷರ್ ಬಾಗಿದ ಗೋಡೆಗೆ ಪೂರ್ತಿ ಕೂರದೆ ಎರಡು ಬದಿಯಲ್ಲಿ ಸಂದು ಉಳಿಯುತ್ತದೆ. ಆದ್ದರಿಂದ ನಿಪ್ಪಲ್ ಅನ್ನು ತಳದ ಸಮತಟ್ಟಾದ ಜಾಗದಲ್ಲಿ ಹಾಕಿ. ಅಲ್ಲಿ ಉಬ್ಬು ಅಕ್ಷರ, ಏಣು ಇರಬಾರದು. ಬಕೆಟನ್ನು ಇಟ್ಟಿಗೆಯ ಮೇಲೆ ಕೂರಿಸಿದರೆ ಕೆಳಗೆ ಪೈಪ್‌ಗೆ ಜಾಗ ಸಿಗುತ್ತದೆ. ಫ್ಲೋಟ್ ವಾಲ್ವ್‌ನ ರಂಧ್ರ ಮಾತ್ರ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಇರಲಿ.

ಕಾದ ಕಬ್ಬಿಣದಿಂದ ರಂಧ್ರ ಮಾಡಬೇಡಿ. ಕರಗಿದ ಪ್ಲಾಸ್ಟಿಕ್ ಅಂಚಿನಲ್ಲಿ ಗಡ್ಡೆಕಟ್ಟಿ ವಾಷರ್ ಕೂರಲು ಬಿಡುವುದಿಲ್ಲ. ಡ್ರಿಲ್ ಯಂತ್ರಕ್ಕೆ ಹೋಲ್ ಸಾ ಎಂಬ ದುಂಡನೆಯ ಗರಗಸ ಹಾಕಿ ಕೊರೆಯಿರಿ. ನಿಪ್ಪಲ್‌ನ ಥ್ರೆಡ್ ಬಿಗಿಯಾಗಿ ತೂರುವಷ್ಟೇ ಅಳತೆ ಸಾಕು. ಮೊದಲು ಒಡೆದ ಹಳೆ ಬಕೆಟ್ ಮೇಲೆ ಕೊರೆದು ನೋಡಿ. ಅಂಚಿನ ನಾರನ್ನು ಬ್ಲೇಡ್‌ನಿಂದ ತೆಗೆಯಿರಿ.

ನಿಪ್ಪಲ್‌ನ ತಲೆ ಮತ್ತು ವಾಷರ್ ಬಕೆಟ್ ಒಳಗೆ, ನಟ್ ಹೊರಗೆ. ವಾಷರ್ ಮೇಲೆ ಟೇಪ್, ಗ್ರೀಸ್, ಅಂಟು ಏನೂ ಬೇಡ. ಕೈಯಲ್ಲಿ ಬಿಗಿ ಮಾಡಿ, ನಂತರ ಸ್ಪ್ಯಾನರ್‌ನಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಿ. ಅತಿಯಾಗಿ ಬಿಗಿದರೆ ವಾಷರ್ ಹೊರಕ್ಕೆ ಜಾರುತ್ತದೆ. ಬಕೆಟ್‌ನಲ್ಲಿ ಒಂದು ಅಡಿ ನೀರಿದ್ದರೆ ತಳದ ಒತ್ತಡ ಚದರ ಸೆಂಟಿಮೀಟರ್‌ಗೆ 30 ಗ್ರಾಂ ಅಷ್ಟೇ. ಬಲಕ್ಕಿಂತ ವಾಷರ್ ಸಮನಾಗಿ ಕೂರುವುದು ಮುಖ್ಯ.

2. ಥ್ರೆಡ್ ಜಾಯಿಂಟ್

ನಿಪ್ಪಲ್, ಬಾಲ್ ವಾಲ್ವ್, ಫ್ಲೋಟ್ ವಾಲ್ವ್ ಸೇರುವ ಥ್ರೆಡ್‌ಗಳಿಗೆ ಟೆಫ್ಲಾನ್ ಟೇಪ್ ನಾಲ್ಕೈದು ಸುತ್ತು ಸುತ್ತಿ. ಫಿಟ್ಟಿಂಗ್ ತಿರುಗಿಸಿ ಹಾಕುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ಹಿತ್ತಾಳೆಯ ವಾಲ್ವ್ ಸೇರುವ ಕಡೆ, ಒಳಗೆ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗ್ ಕೇಳಿ ತನ್ನಿ. ಬರೀ ಪ್ಲಾಸ್ಟಿಕ್ ಥ್ರೆಡ್‌ಗೆ ಲೋಹ ಬಿಗಿದರೆ ಸೀಳುತ್ತದೆ. ಹಿಂದಿನಂತೆ ನೂಲಿಗೆ ಬಣ್ಣ ಸವರಿ ಸುತ್ತುವುದು ಬೇಡ. ಬಣ್ಣದಲ್ಲಿ ಸೀಸ ಇದ್ದರೆ ಅದು ದನಗಳಿಗೆ ವಿಷ.

3. ಪೈಪ್ ಅಳತೆಯ ಗೊಂದಲ

ಅಂಗಡಿಯಲ್ಲಿ "ಒಂದು ಇಂಚು" ಎಂದರೆ ಮೂರು ಬೇರೆ ಬೇರೆ ಪೈಪ್ ಸಿಗಬಹುದು. ಕೃಷಿಗೆ ಬಳಸುವ ಪಿವಿಸಿ ಪೈಪ್‌ನ ಹೊರವ್ಯಾಸ 32 ಮಿ.ಮೀ. ಮನೆ ಕೆಲಸದ ಬಿಳಿ ಯುಪಿವಿಸಿ 33.4 ಮಿ.ಮೀ. ಬಿಸಿನೀರಿನ ಸಿಪಿವಿಸಿ 28.6 ಮಿ.ಮೀ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಸೇರುವುದಿಲ್ಲ. 32 ಮಿ.ಮೀ. ಪೈಪನ್ನು ಇಂಚಿನ ಎಲ್ಬೋಗೆ ಸಿಮೆಂಟ್ ತುಂಬಿ ಕೂರಿಸಿದರೆ ಮೊದಲು ನಿಂತಂತೆ ಕಂಡರೂ ಆಮೇಲೆ ಸೋರುತ್ತದೆ. ಮನೆಯಲ್ಲಿ ಉಳಿದ ತುಂಡು ಬಳಸುವುದಾದರೆ ಅದನ್ನು ಅಂಗಡಿಗೆ ಒಯ್ದು, ಎಲ್ಬೋ ಒಳಗೆ ಹಾಕಿ ನೋಡಿ ಕೊಳ್ಳಿ. ಒಣಗಿದ್ದಾಗಲೇ ಅರ್ಧದಷ್ಟಾದರೂ ಒಳಹೋಗಿ ಬಿಗಿಯಾಗಬೇಕು, ಲೊಡಲೊಡ ಎನ್ನಬಾರದು.

ಪೈಪ್ ನೆಟ್ಟಗೆ ಕತ್ತರಿಸಿ, ಒರೆಸಿ, ಎರಡೂ ಕಡೆ ಸಿಮೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳ್ಳಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಮರುದಿನದವರೆಗೆ ನೀರು ಬಿಡಬೇಡಿ.

ಹಸು ಅಲುಗಾಡಿಸುತ್ತದೆ, ಮರೆಯದಿರಿ

ಸರಿಯಾಗಿ ಮಾಡಿದ ಜಾಯಿಂಟೂ ಸೋರಲು ಮುಖ್ಯ ಕಾರಣ ಅಲುಗಾಟ. ಹಸು ಮೂತಿಯಿಂದ ಬಕೆಟ್ ನೂಕಿದಾಗ ಗಟ್ಟಿ ಪೈಪ್ ನಿಪ್ಪಲ್ ಅನ್ನು ಮೀಟುತ್ತದೆ. ಬಕೆಟನ್ನು ಇಟ್ಟಿಗೆ ಕಟ್ಟೆ ಅಥವಾ ಕಬ್ಬಿಣದ ಬಳೆಯೊಳಗೆ ಭದ್ರಪಡಿಸಿ. ನಿಪ್ಪಲ್ ಮತ್ತು ಮುಖ್ಯ ಪೈಪ್ ನಡುವೆ ಒಂದು ಅಡಿ ದಪ್ಪ ಹೋಸ್ ಹಾಕಿ, ಎರಡೂ ತುದಿಗೆ ಸ್ಟೀಲ್ ಕ್ಲಿಪ್ ಬಿಗಿಯಿರಿ.

ಪ್ರತಿ ಬಕೆಟ್‌ಗೂ ಒಂದು ಬಾಲ್ ವಾಲ್ವ್ ಇರಲಿ. ದುರಸ್ತಿಗೆ ಅನುಕೂಲ. ಮೇಲಾಗಿ ಕಾಲುಬಾಯಿ ಜ್ವರದಂತಹ ರೋಗದ ಲಕ್ಷಣ ಕಂಡ ಕೂಡಲೇ ಆ ಹಸುವಿನ ಬಕೆಟ್ ಮುಚ್ಚಿ, ಬೇರೆ ಪಾತ್ರೆಯಲ್ಲಿ ನೀರು ಕೊಡಬಹುದು. ಎಲ್ಲ ಬಕೆಟ್‌ಗೂ ಒಂದೇ ನೀರು ಓಡಾಡುವುದರಿಂದ ಇದು ಅಗತ್ಯ. ಪೈಪ್‌ನ ಕೊನೆಗೆ ಮುಚ್ಚಳ ಅಂಟಿಸದೆ ಅಲ್ಲೂ ವಾಲ್ವ್ ಹಾಕಿ. ವಾರಕ್ಕೊಮ್ಮೆ ತೆರೆದರೆ ಮೇವಿನ ಚೂರು, ಕೆಸರು ಹೊರಹೋಗುತ್ತದೆ. ಬೋರ್‌ವೆಲ್ ಮೋಟಾರಿನ ಪೈಪನ್ನು ಮಾತ್ರ ನೇರವಾಗಿ ಫ್ಲೋಟ್ ವಾಲ್ವ್‌ಗೆ ಸೇರಿಸಬೇಡಿ, ಮೇಲಿನ ಟ್ಯಾಂಕ್ ಮೂಲಕವೇ ನೀರು ಬರಲಿ.

ಹಸು ಕಟ್ಟುವ ಮೊದಲು ಪರೀಕ್ಷೆ

ಸಂಜೆ ಎಲ್ಲ ಬಕೆಟ್ ತುಂಬಿಸಿ, ಟ್ಯಾಂಕ್‌ನಿಂದ ಬರುವ ವಾಲ್ವ್ ಮುಚ್ಚಿ, ಮಟ್ಟದ ಬಕೆಟ್ ಒಳಗೆ ನೀರಿರುವ ಕಡೆ ಗೀಟು ಹಾಕಿ. ಪ್ರತಿ ಜಾಯಿಂಟ್ ಕೆಳಗೆ ಒಣ ಪೇಪರ್ ತುಂಡು ಇಡಿ. ಬೆಳಿಗ್ಗೆ ಗೀಟಿನ ಮಟ್ಟ ಇಳಿದಿದ್ದರೆ ಯಾವ ಪೇಪರ್ ಒದ್ದೆಯಾಗಿದೆ ಎಂದು ನೋಡಿ, ಆ ಜಾಯಿಂಟನ್ನು ಬಿಚ್ಚಿ ಮತ್ತೆ ಮಾಡಿ. ಅಂಟಿಸಿದ ಜಾಯಿಂಟಾದರೆ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿ. ಮೇಲಿಂದ ಮೆತ್ತಬೇಡಿ. ತಿಂಗಳಿಗೊಮ್ಮೆ, ಹಸುಗಳನ್ನು ಹೊರಗೆ ಕಟ್ಟಿದ ಹೊತ್ತಿನಲ್ಲಿ, ಇದೇ ಪರೀಕ್ಷೆ ಮಾಡಿ.

ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡಬ್ಬ, ಡ್ರಮ್‌ಗಳನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ಬಳಸಬೇಡಿ. ಕೊಟ್ಟಿಗೆಯ ನೆಲ ಒಣಗಿರಲಿ, ಬಕೆಟ್‌ನಲ್ಲಿ ಸದಾ ಶುದ್ಧ ನೀರಿರಲಿ.