ಹಳೆಯ ಮನೆಗೆ ಹೊಸ ಗೀಸರ್: ಖರೀದಿಗೆ ಮೊದಲು ವೈರಿಂಗ್ ಪರೀಕ್ಷೆ

ಹಳೆಯ ಗೀಸರ್ ಕೆಟ್ಟಾಗ ಹೊಸದನ್ನು ತಂದು ಅದೇ ಸಾಕೆಟ್‌ಗೆ ಜೋಡಿಸುವುದು ರೂಢಿಯಾಗಿದೆಯಾದರೂ, ಅದರ ಮೇಲಿನ ಐಎಸ್‌ಐ ಮುದ್ರೆಯು ಉಪಕರಣದ ಸುರಕ್ಷತೆಗೆ ಮಾತ್ರ ಸಾಕ್ಷಿಯೇ ಹೊರತು ಗೋಡೆಯೊಳಗಿನ ತಂತಿಗಲ್ಲ. ಮೂರು-ನಾಲ್ಕು ದಶಕಗಳ ಹಿಂದಿನ ಮನೆಗಳಲ್ಲಿ ವೈರಿಂಗ್ ಪರೀಕ್ಷೆ ಖರೀದಿಗಿಂತ ಮೊದಲೇ ಮುಗಿದಿರಬೇಕು.

ಮೊದಲು ಲೆಕ್ಕ ಹಾಕಬೇಕಾದದ್ದು ಹೊರೆಯನ್ನು. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತಿನಲ್ಲಿ 2000 ವಾಟ್‌ನ ಗೀಸರ್ ಸುಮಾರು 8.7 ಆಂಪಿಯರ್, 3000 ವಾಟ್‌ನದು ಸುಮಾರು 13 ಆಂಪಿಯರ್ ಸೆಳೆಯುವುದರಿಂದ, ದೀಪ-ಫ್ಯಾನುಗಳಿಗೆಂದು ಇರುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. ಮೀಟರ್ ಬೋರ್ಡಿನಿಂದ ಗೀಸರಿಗಾಗಿಯೇ ಎಳೆದ 4 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ ಮತ್ತು ಹೊರೆ ಮಿತಿಮೀರಿದಾಗ ತಾನಾಗಿ ವಿದ್ಯುತ್ ಕಡಿಯುವ ಎಂಸಿಬಿ ಎಂಬ ಸ್ವಿಚ್ಚು ಇರುವುದು ಉತ್ತಮ ವ್ಯವಸ್ಥೆ.

ಬಳಿಕ ಹಳೆಯ ತಂತಿಯ ಸ್ಥಿತಿಯನ್ನು ನೋಡಬೇಕು. ಅಲ್ಯೂಮಿನಿಯಂ ತಂತಿಯ ಮೇಲ್ಮೈಯಲ್ಲಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ಆಕ್ಸೈಡ್ ಪದರ ಬೆಳೆಯುತ್ತದೆ. ತಾಮ್ರದೊಡನೆ ನೇರವಾಗಿ ಹೆಣೆದ ಕಡೆ ಜೋಡಣೆ ಕಾಯುತ್ತ, ತಣಿಯುತ್ತ ಸಡಿಲಗೊಂಡು ಇನ್ನಷ್ಟು ಕಾಯುತ್ತದೆ. ಕಂದಿದ ಸಾಕೆಟ್, ಬಿಸಿಯಾಗುವ ಪ್ಲಗ್ ಮತ್ತು ಸುಟ್ಟ ವಾಸನೆ ಇದರ ಲಕ್ಷಣಗಳು. ಪಿಂಗಾಣಿಯ ಫ್ಯೂಸ್‌ನಲ್ಲಿ ದಪ್ಪ ತಂತಿ ಕಟ್ಟಿದ್ದರೆ, ಮೊದಲು ಕರಗಬೇಕಾದ ಫ್ಯೂಸ್ ಉಳಿದು ಗೋಡೆಯೊಳಗಿನ ತಂತಿ ಉರಿಯಬಹುದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅರ್ಥಿಂಗ್ ವಿಷಯದಲ್ಲಿ. ಉಪಕರಣದ ಲೋಹದ ಮೈಯನ್ನು ನೆಲದಲ್ಲಿ ಹೂತ ವಿದ್ಯುದ್ವಾರಕ್ಕೆ ಜೋಡಿಸುವ ಈ ಏರ್ಪಾಡು ಇಲ್ಲದಿದ್ದರೆ, ಗೀಸರಿನಲ್ಲಿ ಸೋರಿದ ವಿದ್ಯುತ್ತು ಸ್ನಾನ ಮಾಡುವವರ ಮೂಲಕವೇ ನೆಲಕ್ಕಿಳಿಯಬಹುದು. ಮೂರು ರಂಧ್ರಗಳ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ನಂಬುವಂತಿಲ್ಲ. ಎಷ್ಟೋ ಮನೆಗಳಲ್ಲಿ ಮೇಲಿನ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ. ಕೆಲವೆಡೆ ಆ ರಂಧ್ರವನ್ನು ನ್ಯೂಟ್ರಲ್‌ಗೆ ಜೋಡಿಸಿರುತ್ತಾರೆ. ಇದು ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಅಪಾಯಕರ, ಏಕೆಂದರೆ ನ್ಯೂಟ್ರಲ್ ತುಂಡಾದ ಕ್ಷಣವೇ ಗೀಸರಿನ ಮೈಗೆ ಪೂರ್ಣ 230 ವೋಲ್ಟ್ ಬರುತ್ತದೆ. ನೀರಿನ ಕೊಳವೆಗೆ ಜೋಡಿಸಿದ ಅರ್ಥ್ ತಂತಿಯೂ, ಕಬ್ಬಿಣದ ಕೊಳವೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಾಗ ನಿರುಪಯುಕ್ತವಾಗುತ್ತದೆ. ಫೇಸ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ವೋಲ್ಟೇಜ್ ತೋರಿಸಿದರಷ್ಟೇ ಸಾಲದು; ಅರ್ಥ್ ಪ್ರತಿರೋಧವನ್ನೂ ಅಳೆಸಬೇಕು.

ಅರ್ಥಿಂಗ್ ಜೊತೆಗೆ ಆರ್‌ಸಿಸಿಬಿ ಎಂಬ ಸ್ವಿಚ್ಚೂ ಅಗತ್ಯ. ಫೇಸ್‌ನಲ್ಲಿ ಹೋದ ಮತ್ತು ನ್ಯೂಟ್ರಲ್‌ನಲ್ಲಿ ಮರಳಿದ ವಿದ್ಯುತ್ತಿನ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುವಂಥದನ್ನೇ ಮನೆಗೆ ಆರಿಸಬೇಕು. ಎಂಸಿಬಿ ತಂತಿಯನ್ನು ಕಾಯುತ್ತದೆ, ಇದು ಮನುಷ್ಯರನ್ನು. ಹಳೆಯ ಮನೆಗಳಲ್ಲಿ ನ್ಯೂಟ್ರಲ್‌ಗಳು ಬೆರೆತಿದ್ದರೆ ಇದು ಪದೇ ಪದೇ ಟ್ರಿಪ್ ಆಗುತ್ತದೆ; ಆಗ ಹುಡುಕಬೇಕಾದದ್ದು ದೋಷವನ್ನು, ಆರ್‌ಸಿಸಿಬಿಯನ್ನು ತೆಗೆದುಹಾಕುವುದು ಪರಿಹಾರವಲ್ಲ.

ಗೀಸರ್ ಕೊಳ್ಳುವಾಗ ಐಎಸ್‌ಐ ಮುದ್ರೆಯೊಡನೆ ಇರುವ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ನಕ್ಷತ್ರಗಳ ಚೀಟಿ ವಿದ್ಯುತ್ ಉಳಿತಾಯವನ್ನು ಹೇಳುತ್ತದೆ, ಸುರಕ್ಷತೆಯನ್ನಲ್ಲ.

ವೈರಿಂಗ್ ಕೆಲಸವನ್ನು ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರಿಗೇ ವಹಿಸಿ, ಅರ್ಥ್ ಪ್ರತಿರೋಧ ಮತ್ತು ಮೆಗ್ಗರ್‌ನಿಂದ ಅಳೆದ ಇನ್ಸುಲೇಶನ್ ಪ್ರತಿರೋಧವನ್ನು ನಮೂದಿಸಿದ ಲಿಖಿತ ವರದಿಯನ್ನು ಕೇಳಿ ಪಡೆಯಬೇಕು. ಒಟ್ಟು ಹೊರೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಮೀರುವಂತಿದ್ದರೆ ಬೆಸ್ಕಾಂ, ಹೆಸ್ಕಾಂ ಅಥವಾ ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿಗೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಸಲ್ಲಿಸಬೇಕು. ಬಾಡಿಗೆದಾರರು ಈ ಪರೀಕ್ಷೆಗಾಗಿ ಮನೆ ಮಾಲೀಕರನ್ನು ಸಂಕೋಚವಿಲ್ಲದೆ ಒತ್ತಾಯಿಸಲಿ. ಅರ್ಥಿಂಗ್ ಇಲ್ಲವೆಂದು ತಿಳಿದ ಮನೆಯಲ್ಲಿ, ಅದು ಸರಿಯಾಗುವವರೆಗೆ ಯಾರೂ ಗೀಸರ್ ಸ್ವಿಚ್ ಹಾಕದಿರಲಿ.