ಮೊದಲು ಸ್ಯಾಂಪಲ್, ಆಮೇಲೆ ಇಡೀ ಶಾಲೆಗೆ

ತರಗತಿಯ ಒಂದು ತೊಡಕನ್ನು ‘ಡಿಸೈನ್ ಥಿಂಕಿಂಗ್’ ವಿಧಾನದಿಂದ ಬಿಡಿಸುವುದು ಹೇಗೆ? ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಹಂತ ಹಂತದ ಮಾಹಿತಿ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಯಾರೂ ಥಾನುಗಟ್ಟಲೆ ಬಟ್ಟೆಗೆ ನೇರವಾಗಿ ಕತ್ತರಿ ಹಾಕುವುದಿಲ್ಲ. ಮೊದಲು ಕಾಗದದ ಪ್ಯಾಟರ್ನ್, ಅದರಿಂದ ಒಂದು ಸ್ಯಾಂಪಲ್. ಸೊಂಟ ಬಿಗಿಯಾಯಿತೇ, ಉದ್ದ ಹೆಚ್ಚಾಯಿತೇ ಎಂದು ನೋಡಿ, ತಿದ್ದಿ, ಆಮೇಲಷ್ಟೇ ಕಟಿಂಗ್. ಶಾಲೆಯಲ್ಲಿ ಮಾತ್ರ ಹೊಸ ಯೋಜನೆಯನ್ನು ಎಲ್ಲ ತರಗತಿಗಳಿಗೂ ಒಂದೇ ದಿನ ಜಾರಿ ಮಾಡಿಬಿಡುತ್ತೇವೆ. ಅದು ಮಕ್ಕಳಿಗೆ ಹೊಂದಲಿಲ್ಲ ಎಂಬುದು ಗೊತ್ತಾಗುವುದು ಪರೀಕ್ಷೆಯ ಹೊತ್ತಿಗೆ. ಬಟ್ಟೆ ಹಾಳಾದರೆ ಬೇರೆ ತರಬಹುದು, ಮಗುವಿನ ವರ್ಷ ಹಾಳಾದರೆ ತರುವುದೆಲ್ಲಿಂದ?

ಮೊದಲು ಬಳಸುವವರ ಕಷ್ಟ ತಿಳಿದು, ಅಗ್ಗದ ಕಚ್ಚಾ ಮಾದರಿ ಮಾಡಿ, ಕೆಲವರ ಮೇಲೆ ಪರೀಕ್ಷಿಸಿ, ತಿದ್ದಿ, ನಂತರ ವಿಸ್ತರಿಸುವುದೇ ಡಿಸೈನ್ ಥಿಂಕಿಂಗ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ.ಸ್ಕೂಲ್ ಇದನ್ನು ಐದು ಹಂತಗಳಲ್ಲಿ ಕಲಿಸುತ್ತದೆ: ಅರಿಯುವುದು, ಸಮಸ್ಯೆಯನ್ನು ಖಚಿತಪಡಿಸುವುದು, ಉಪಾಯಗಳನ್ನು ಹುಡುಕುವುದು, ಮಾದರಿ ಮಾಡುವುದು, ಪರೀಕ್ಷಿಸುವುದು. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಕಿರಣ್ ಬೀರ್ ಸೇಠಿ 2009ರಲ್ಲಿ ‘ಡಿಸೈನ್ ಫಾರ್ ಚೇಂಜ್’ ಆರಂಭಿಸಿ, ಇದನ್ನು ಮಕ್ಕಳ ಕೈಗೇ ಕೊಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಯಲ್ಲಿ ಕಲಿಸಬೇಕಾದ ಹೊಸ ವಿಷಯಗಳ ಪಟ್ಟಿಯಲ್ಲಿ ಡಿಸೈನ್ ಥಿಂಕಿಂಗನ್ನು ಸೇರಿಸಿದೆ.

ನಮ್ಮಲ್ಲೇ ಇದೆ ಪುರಾವೆ

ಈ ದಾರಿಯ ಅತ್ಯುತ್ತಮ ಉದಾಹರಣೆ ಕರ್ನಾಟಕದ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಬರೆದರು. ಆ ಒಂದು ತಾಲ್ಲೂಕಿನಲ್ಲಿ ಪಳಗಿದ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೂ, ಆಮೇಲೆ ಮೂರನೆಯ ತರಗತಿಗೂ ಬಂತು.

ಅದರಲ್ಲಿ ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ಗಮನಿಸಿ. ಮಗು ಹದಿನೈದು ದಿನ ಬಾರದಿದ್ದರೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ನಾಲ್ಕನೆಯ ತರಗತಿಯಿಂದ ಈ ಅನುಕೂಲ ಇಲ್ಲ. ಪಠ್ಯಪುಸ್ತಕ ಮುಂದೆ ಸಾಗುತ್ತದೆ, ಬಾರದ ಮಗು ಹಿಂದೆ ಉಳಿಯುತ್ತದೆ. ಮೆಣಸಿನಕಾಯಿ, ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಸುಗ್ಗಿ, ನಾಟಿಯ ಕಾಲಕ್ಕೆ ಮಕ್ಕಳು ಶಾಲೆ ತಪ್ಪಿಸುವುದರಿಂದ ಇದು ಪ್ರತಿ ವರ್ಷದ ಪಾಡು. ಆದ್ದರಿಂದ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಐದು ಹಂತಗಳನ್ನೂ, ಕೊನೆಗೆ ಹಂಚುವ ಆರನೆಯದನ್ನೂ ನೋಡೋಣ.

ಹಂತ 1: ಕೇಳಿ, ನೋಡಿ, ಬರೆದುಕೊಳ್ಳಿ

ಕಾಲ: ಎರಡು ವಾರ.

ಹೋದ ವರ್ಷದ ಹಾಜರಾತಿ ಪುಸ್ತಕ ತೆಗೆಯಿರಿ. ಜನವರಿಯಿಂದ ಮಾರ್ಚ್‌ವರೆಗೆ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ, ಸತತವಾಗಿ ಗೈರಾದವರು ಯಾರು? ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವಾಗ ಯಾರು? ಇದೇ ನಿಮ್ಮ ಮೊದಲ ನಕ್ಷೆ.

ಆಮೇಲೆ ಅಂಥ ನಾಲ್ಕೈದು ಮಕ್ಕಳ ಮನೆಗೆ ಸಂಜೆ ಹೊತ್ತು ಹೋಗಿ. ಹಗಲು ಹೋದರೆ ತಾಯಿ ಸಿಗುವುದಿಲ್ಲ, ಹೊಲದಲ್ಲಿರುತ್ತಾರೆ. “ಯಾಕಮ್ಮ ಶಾಲಿಗೆ ಕಳಿಸಲ್ಲ?” ಎಂದು ಶುರುಮಾಡಿದರೆ ತಪ್ಪೊಪ್ಪಿಗೆ ಕೇಳಿದಂತಾಗಿ ಮಾತು ನಿಲ್ಲುತ್ತದೆ. “ಮೆಣಸಿನಕಾಯಿ ಟೈಮಿನಾಗೆ ನಿಮ್ಮ ದಿನ ಹೆಂಗಿರ್ತದೆ?” ಎಂದು ಕೇಳಿ. ಮಗು ತಾನೇ ಕೂಲಿಗೆ ಹೋಗುತ್ತಿದೆಯೇ, ತಮ್ಮ-ತಂಗಿಯನ್ನು ನೋಡಿಕೊಳ್ಳುತ್ತಿದೆಯೇ, ಅಥವಾ ಮರಳಿ ಬಂದಾಗ ಪಾಠ ತಿಳಿಯದೆ ನಾಚಿ ದೂರ ಉಳಿದಿದೆಯೇ? ಮೂರೂ ಬೇರೆ ಬೇರೆ ಸಮಸ್ಯೆಗಳು. ಮೂರಕ್ಕೂ ಒಂದೇ ಮದ್ದು ಕೊಡಲಾಗದು.

ಮಗುವನ್ನು ತಾಯಿ-ತಂದೆಯ ಎದುರಲ್ಲದೆ, ಆಟದ ಬಯಲಿನಲ್ಲಿ ಮಾತಾಡಿಸಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ.

ಹಂತ 2: ಸಮಸ್ಯೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ಕಾಲ: ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ.

“ಮಕ್ಕಳ ಗೈರುಹಾಜರಿ” ಎಂಬುದು ದೂರು. ಅದರ ಮೇಲೆ ಕೆಲಸ ಮಾಡಲಾಗದು. ವಾಕ್ಯದಲ್ಲಿ ಮೂರು ಸಂಗತಿ ಇರಲಿ: ಯಾರಿಗೆ, ಏನು ಬೇಕು, ಏನು ಅಡ್ಡ ಬರುತ್ತಿದೆ. ಉದಾಹರಣೆಗೆ: “ನಾಲ್ಕನೆಯ ತರಗತಿಯಲ್ಲಿ ಆರು ವಾರ ಬಿಟ್ಟು ಮರಳಿದ ಮಗುವಿಗೆ ಭಿನ್ನರಾಶಿ, ಭಾಗಾಕಾರ ಹಿಡಿದುಕೊಳ್ಳಬೇಕಾಗಿದೆ. ಆದರೆ ತರಗತಿ ಮುಂದೆ ಹೋಗಿರುವುದರಿಂದ ಎಲ್ಲಿಂದ ಶುರುಮಾಡಬೇಕೆಂದು ಅದಕ್ಕೂ ತಿಳಿಯದು, ಶಿಕ್ಷಕರಿಗೂ ತಿಳಿಯದು.”

ಪರಿಹಾರ ವಾಕ್ಯದೊಳಗೆ ನುಸುಳದಂತೆ ಎಚ್ಚರವಿರಲಿ. “ಮಕ್ಕಳಿಗೆ ಟ್ಯಾಬ್ ಬೇಕು” ಎಂದು ಬರೆದರೆ ಬೇರೆ ಉಪಾಯಗಳ ಬಾಗಿಲು ಮುಚ್ಚಿದಂತೆ.

ಹಂತ 3: ಉಪಾಯಗಳನ್ನು ಗುಡ್ಡೆ ಹಾಕಿ

ಕಾಲ: ಒಂದು ಗಂಟೆ.

ಇಬ್ಬರು ಶಿಕ್ಷಕರು, ಬಿಸಿಯೂಟದ ಅಡುಗೆಯವರೊಬ್ಬರು, ಎಸ್‌ಡಿಎಂಸಿಯ ಒಬ್ಬ ತಾಯಿ, ಏಳನೆಯ ತರಗತಿಯ ಇಬ್ಬರು ಮಕ್ಕಳು ಸುತ್ತ ಕೂರಲಿ. ಮೊದಲ ಹತ್ತು ನಿಮಿಷ ಮಾತು ಬೇಡ. ಪ್ರತಿಯೊಬ್ಬರೂ ಚೀಟಿಗಳಲ್ಲಿ ಐದೈದು ಉಪಾಯ ಬರೆಯಲಿ. ಬರೆಯಲು ಬಾರದವರದ್ದನ್ನು ಮಕ್ಕಳು ಬರೆದುಕೊಡಲಿ. ಮೊದಲೇ ಮಾತು ಶುರುವಾದರೆ ಮುಖ್ಯಗುರುಗಳ ಉಪಾಯವೇ ಎಲ್ಲರ ಉಪಾಯವಾಗಿಬಿಡುತ್ತದೆ.

ಚೀಟಿಗಳನ್ನು ನೆಲದ ಮೇಲೆ ಹರಡಿ ಮೂರು ಪ್ರಶ್ನೆ ಹಾಕಿ. ಇದು ಒಂದನೆಯ ಹಂತದಲ್ಲಿ ಕೇಳಿದ ಕಷ್ಟಕ್ಕೆ ಉತ್ತರವೇ? ನಮ್ಮ ಕೈಯಲ್ಲಿರುವ ಸಾಮಾನಿನಿಂದ ಆಗುತ್ತದೆಯೇ? ಎರಡು ವಾರದಲ್ಲಿ ಫಲ ಕಾಣಬಹುದೇ? ಮೂರಕ್ಕೂ ಹೌದು ಎನ್ನುವ ಒಂದನ್ನು ಎತ್ತಿಕೊಳ್ಳಿ. ನಾವಿಲ್ಲಿ ಆಯ್ದುಕೊಳ್ಳುವುದು ‘ಮರಳಿ ಬಂದವರ ಕಾರ್ಡು’, ಅಂದರೆ ನಲಿ-ಕಲಿಯ ಏಣಿಯನ್ನು ನಾಲ್ಕನೆಯ ತರಗತಿಗೆ ತರುವ ಸಣ್ಣ ಯತ್ನ.

ಹಂತ 4: ಕಚ್ಚಾ ಮಾದರಿ ಮಾಡಿ

ಕಾಲ: ಎರಡು ಸಂಜೆ.

ಬೇಕಾಗುವುದು ಇಷ್ಟೇ: ಹಳೆಯ ಕ್ಯಾಲೆಂಡರಿನ ಹಾಳೆ, ಸ್ಕೆಚ್ ಪೆನ್ನು, ಕತ್ತರಿ, ರಬ್ಬರ್ ಬ್ಯಾಂಡ್. ಹತ್ತು ಕಾರ್ಡು ಸಾಕು.

ಪ್ರತಿ ಕಾರ್ಡಿನಲ್ಲಿ ಒಂದೇ ಕೌಶಲ ಇರಲಿ. ಮುಂಭಾಗದಲ್ಲಿ ಒಂದು ಚಿತ್ರ, ಬಿಡಿಸಿ ತೋರಿಸಿದ ಒಂದು ಲೆಕ್ಕ, ಮಗು ಮಾಡಬೇಕಾದ ಮೂರು ಲೆಕ್ಕ. ಹಿಂಭಾಗದಲ್ಲಿ ಉತ್ತರ. ಕೆಳಗೆ, ತಿಳಿಯದಿದ್ದರೆ ಯಾರನ್ನು ಕೇಳಬೇಕೆಂದು ಒಬ್ಬ ಸಹಪಾಠಿಯ ಹೆಸರು. ಲೆಕ್ಕಗಳು ಮಗು ಕಂಡ ಲೋಕದಿಂದ ಬರಲಿ. 75 ಕೆ.ಜಿ.ಯ ಒಂದು ಭತ್ತದ ಚೀಲವನ್ನು ಮೂರು ಸಮಪಾಲು ಮಾಡಿದರೆ ಒಂದು ಪಾಲು ಎಷ್ಟು? ಹೊಲದ ಎಂಟು ಸಾಲುಗಳಲ್ಲಿ ಮೂರು ಸಾಲಿನ ಕಾಯಿ ಬಿಡಿಸಿದ್ದಾಯಿತು. ಎಷ್ಟು ಭಾಗ ಉಳಿಯಿತು?

ಅಂದಗಾಣಿಸಲು ಹೋಗಬೇಡಿ, ಮುದ್ರಿಸಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಹಣ, ಶ್ರಮ ಹೆಚ್ಚು ಸುರಿದ ಮಾದರಿಯನ್ನು ತಿದ್ದಲು ಮನಸ್ಸು ಬರುವುದಿಲ್ಲ. ಹರಿದು ಮತ್ತೆ ಬರೆಯಬಹುದಾದ ಕಾರ್ಡೇ ಒಳ್ಳೆಯ ಕಾರ್ಡು.

ಹಂತ 5: ನಾಲ್ಕು ಮಕ್ಕಳೊಂದಿಗೆ ಪರೀಕ್ಷಿಸಿ

ಕಾಲ: ಎರಡು ವಾರ, ದಿನಕ್ಕೆ ಇಪ್ಪತ್ತು ನಿಮಿಷ.

ಮಗುವಿನ ಕೈಗೆ ಕಾರ್ಡು ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ವಿವರಿಸಬೇಕೆಂಬ ಆಸೆಯನ್ನು ತಡೆದುಕೊಳ್ಳಿ. ಇಲ್ಲಿ ಪರೀಕ್ಷೆ ಕಾರ್ಡಿಗೆ, ಮಗುವಿಗಲ್ಲ. ಈ ಮಾತನ್ನು ಮಗುವಿಗೂ ಹೇಳಿ. ಆಗ ಅದು ಹೆದರದೆ “ಇದು ತಿಳೀಲಿಲ್ಲ ಸಾರ್” ಎನ್ನುತ್ತದೆ.

ಕಂಡದ್ದಕ್ಕೆ ತಕ್ಕಂತೆ ಹೀಗೆ ತಿದ್ದಬಹುದು:

• ಮಗು ಉದಾಹರಣೆ ನೋಡದೆ ನೇರ ಲೆಕ್ಕಕ್ಕೆ ಹೋದರೆ, ಉದಾಹರಣೆಯ ಕೊನೆಯ ಸಾಲನ್ನು ಖಾಲಿ ಬಿಟ್ಟು ಅದರಿಂದಲೇ ತುಂಬಿಸಿ.

• ಲೆಕ್ಕ ಗೊತ್ತಿದ್ದರೂ ವಾಕ್ಯ ಓದಲಾಗದೆ ನಿಂತರೆ, ತೊಡಕಿರುವುದು ಗಣಿತದಲ್ಲಲ್ಲ, ಓದಿನಲ್ಲಿ. ವಾಕ್ಯ ಚಿಕ್ಕದು ಮಾಡಿ, ಚಿತ್ರ ದೊಡ್ಡದು ಮಾಡಿ.

• ಹಿಂಭಾಗದ ಉತ್ತರವನ್ನು ಕದ್ದು ನೋಡಿದರೆ ಗದರಬೇಡಿ. ಲೆಕ್ಕ ಕಠಿಣವಾಗಿದೆ, ನಡುವೆ ಇನ್ನೊಂದು ಮೆಟ್ಟಿಲು ಬೇಕು.

• ಸಹಪಾಠಿಯನ್ನು ಕೇಳಲು ನಾಚಿದರೆ, ಗೆಳೆಯರನ್ನು ಮಗುವೇ ಆರಿಸಿಕೊಳ್ಳಲಿ.

ಪ್ರತಿ ಶುಕ್ರವಾರ ಐದು ಲೆಕ್ಕಗಳ ಪುಟ್ಟ ಪರೀಕ್ಷೆ ಕೊಡಿ. ಶುರುವಿನ ದಿನ ಎಷ್ಟು ಸರಿಯಾಗಿತ್ತು, ಈಗ ಎಷ್ಟು ಎಂಬುದನ್ನು ಅಕ್ಕಪಕ್ಕ ಬರೆಯಿರಿ. ಏನೂ ಬದಲಾಗದಿದ್ದರೆ ಆ ಉಪಾಯವನ್ನು ಬಿಟ್ಟು ಮೂರನೆಯ ಹಂತದ ಚೀಟಿಗಳಿಗೆ ಮರಳಿ. ಹತ್ತು ಕಾರ್ಡಿನಲ್ಲಿ ತಿಳಿದ ಸೋಲು ಶಾಲೆಗೆ ಲಾಭವೇ.

ಹಂತ 6: ಹಂಚಿ, ಆದರೆ ನಿಧಾನವಾಗಿ

ನಾಲ್ಕು ಮಕ್ಕಳಿಗೆ ಒಗ್ಗಿದ್ದು ಮೊದಲು ಇಡೀ ತರಗತಿಗೆ, ನಂತರ ಪಕ್ಕದ ಊರಿನ ಒಂದು ಶಾಲೆಗೆ ಹೋಗಲಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಕಾರ್ಡುಗಳ ಜೊತೆಗೆ, ತಿದ್ದುವ ಮೊದಲಿನ ಹಳೆಯ ಕಾರ್ಡುಗಳನ್ನೂ ಇಡಿ. ಏನು ಕೆಲಸ ಮಾಡಲಿಲ್ಲ ಎಂಬುದು ಬೇರೆ ಶಿಕ್ಷಕರಿಗೆ ಅಷ್ಟೇ ಉಪಯುಕ್ತ. ಸಿಆರ್‌ಪಿಯವರು, ಬಳ್ಳಾರಿಯ ಡಯಟ್‌ನ ಉಪನ್ಯಾಸಕರು ಬಂದು ನೋಡುವಂತೆ ಕೇಳಿಕೊಳ್ಳಿ.

ಇನ್ನೆರಡು ಕಡೆ ಹೀಗೆ ಹೊಂದಿಸಬಹುದು

ಸಿರುಗುಪ್ಪ: ಆಂಧ್ರದ ಗಡಿಗೆ ಅಂಟಿದ ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕನ್ನಡ ಶಾಲೆಯ ಮೊದಲ ದಿನಗಳಲ್ಲಿ ಮಗು ಸುಮ್ಮನಿದ್ದರೆ ಅದು ದಡ್ಡತನವಲ್ಲ. ಕಚ್ಚಾ ಮಾದರಿ: ಮನೆಯ, ಹೊಲದ ಇಪ್ಪತ್ತು ವಸ್ತುಗಳ ಚಿತ್ರ ಚೀಟಿ. ಮಗು ತನ್ನ ಮನೆಮಾತಿನಲ್ಲಿ ಹೆಸರು ಹೇಳಲಿ, ಪಕ್ಕದವರು ಕನ್ನಡದಲ್ಲಿ ಹೇಳಲಿ. ಒಂದು ವಾರದ ನಂತರ ಎಷ್ಟು ಮಕ್ಕಳು ತಾವಾಗಿಯೇ ಬಾಯಿ ಬಿಟ್ಟರು ಎಂಬುದೇ ಅಳತೆ. ಲಂಬಾಣಿ, ಉರ್ದು ಮಾತಾಡುವ ಮಕ್ಕಳಿಗೂ ಇದೇ ಕ್ರಮ.

ಬಳ್ಳಾರಿ ನಗರ: ಸಂಜೆಯಿಡೀ ಹೊಲಿಗೆ ಯಂತ್ರ ಓಡುವ ಒಂದೇ ಕೋಣೆಯ ಮನೆಯಲ್ಲಿ ಮನೆಪಾಠ ಬರೆಯಲು ಜಾಗವೆಲ್ಲಿ? ಬರೆಯದ ಮಗುವನ್ನು ಶಿಕ್ಷಿಸುವ ಬದಲು, ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಒಂದು ಕೋಣೆ ತೆರೆದಿಡುವ ಪ್ರಯೋಗ ಮಾಡಿ. ಎರಡು ವಾರ ಯಾರು ಬಂದರು, ಎಷ್ಟು ಬರೆದರು ಎಂದು ಗುರುತಿಸಿ. ಯಾರೂ ಬಾರದಿದ್ದರೆ ಕಾರಣ ಮಕ್ಕಳನ್ನೇ ಕೇಳಿ, ವೇಳೆ ಬದಲಿಸಿ.

ಯಾವಾಗ ಶುರುಮಾಡಬೇಕು?

ದಸರಾ ರಜೆ ಮುಗಿದ ಮೇಲೆ ಮನೆ ಭೇಟಿ. ನವೆಂಬರ್ ಕೊನೆಗೆ ಸಮಸ್ಯೆಯ ವಾಕ್ಯ, ಉಪಾಯಗಳ ಆಯ್ಕೆ. ಡಿಸೆಂಬರಿನಲ್ಲಿ ಕಾರ್ಡು ಬರೆದು, ನಾಟಿಯ ಕಾಲದಲ್ಲಿ ಗೈರಾಗಿದ್ದ ಮಕ್ಕಳೊಂದಿಗೆ ಮೊದಲ ಪರೀಕ್ಷೆ. ಮೆಣಸಿನಕಾಯಿ ಸುಗ್ಗಿ ಮುಗಿಸಿ ಮಕ್ಕಳು ಮರಳುವ ಹೊತ್ತಿಗೆ ತಿದ್ದಿದ ಕಾರ್ಡು ಕೈಯಲ್ಲಿರಲಿ. ಏಪ್ರಿಲ್ ರಜೆಗೆ ಮುಂಚೆ ಫಲ ಬರೆದಿಟ್ಟರೆ, ಜೂನಿನ ಸೇತುಬಂಧದಲ್ಲಿ ಅದನ್ನು ಬಳಸಬಹುದು.

ಮರೆಯಬಾರದ ಮೂರು ಮಾತು

ಒಂದು, ಕಾರ್ಡು ಗೈರುಹಾಜರಿಗೆ ಪರವಾನಗಿಯಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ದುಡಿಯಲು ಗುಳೆ ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶವಿದೆ. ನಿಮ್ಮ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ. ಮಗು ಶಾಲೆಯಲ್ಲೇ ಉಳಿಯುವಂತೆ ಮಾಡುವುದು ಮೊದಲ ಕೆಲಸ, ಕಾರ್ಡು ಅದರ ನಂತರದ್ದು.

ಎರಡು, ಒಂದು ಸಲಕ್ಕೆ ಒಂದೇ ಸಮಸ್ಯೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯದು.

ಮೂರು, ಮಕ್ಕಳ ಮನೆಯ ಕಷ್ಟ ಸಭೆಯಲ್ಲಿ ಹೆಸರು ಹಿಡಿದು ಹೇಳುವ ವಿಷಯವಲ್ಲ. ನಿಮ್ಮನ್ನು ನಂಬಿ ಹೇಳಿದ ಮಾತು ನಿಮ್ಮಲ್ಲೇ ಇರಲಿ.

ಮಗುವಿಗೆ ಏನು ತೊಡಕು ಎಂಬುದು ರಾಜಧಾನಿಯ ಕಚೇರಿಗಿಂತ ಮೊದಲು ತಿಳಿಯುವುದು ತರಗತಿಯಲ್ಲಿ ನಿಂತ ಶಿಕ್ಷಕರಿಗೆ. ಅದನ್ನು ಬಿಡಿಸುವ ಹಕ್ಕೂ ಹೊಣೆಯೂ ಅವರದ್ದೇ. ಮೇಲಿನಿಂದ ಯೋಜನೆ ಬರಲಿ ಎಂದು ಕಾಯಬೇಡಿ. ದಸರಾ ರಜೆ ಮುಗಿದ ಮೊದಲ ಶನಿವಾರ ಹಾಜರಾತಿ ಪುಸ್ತಕ ತೆರೆದು ನಾಲ್ಕು ಹೆಸರು ಬರೆದುಕೊಳ್ಳಿ, ಸೋಮವಾರ ಸಂಜೆ ಮೊದಲ ಮನೆಗೆ ಹೋಗಿ.