ಕಿಬ್ಬೆ: ಬಾಣಲೆಯಲ್ಲಿ ಬಾಯಿಬಿಡದಂತೆ ಕರಿಯಲು ಹತ್ತು ಸೂತ್ರ

ಸಿರಿಯಾ, ಲೆಬನಾನ್ ಕಡೆ ಮನೆಗೆ ನೆಂಟರು ಬಂದರೆ ಕಿಬ್ಬೆ ಕರಿಯುತ್ತಾರೆ. ಬುಲ್ಗರ್ ಎಂಬ ಒಡೆದ ಗೋಧಿ ಮತ್ತು ಮಾಂಸ ಸೇರಿಸಿ ಅರೆದ ಕಣಕ, ಒಳಗೆ ಖೀಮಾ ಹೂರಣ, ಎರಡೂ ತುದಿ ಚೂಪು, ಮೇಲೆ ಗರಿಗರಿ. ಅರಬ್ಬಿಯ ‘ಕುಬ್ಬ’, ಅಂದರೆ ಉಂಡೆ, ಅದರಿಂದಲೇ ಈ ಹೆಸರು. ದುಬೈ, ಕುವೈತಿನಲ್ಲಿ ದುಡಿದ ನಮ್ಮ ಕರಾವಳಿಯವರಿಗೆ ಇದರ ರುಚಿ ಗೊತ್ತು. ಊರಿಗೆ ಬಂದು ಮಾಡಹೊರಟಾಗಲೇ ಫಜೀತಿ. ನನ್ನ ಮೊದಲ ಸಲ ಹನ್ನೆರಡರಲ್ಲಿ ಒಂಬತ್ತು ಬಾಯಿಬಿಟ್ಟು, ಬಾಣಲೆ ತುಂಬ ಖೀಮಾ ತೇಲಿತ್ತು. ಉರಿ ಜಾಸ್ತಿಯಾಯಿತೆಂದು ಒಲೆಯನ್ನು ಬೈದೆ. ಒಲೆಯ ತಪ್ಪೇನೂ ಇರಲಿಲ್ಲ. ಕಣಕಕ್ಕೆ ನೀರು ಜಾಸ್ತಿ ಆಗಿತ್ತು, ಅರೆಯುವಾಗಲೇ ಅದು ಬೆಚ್ಚಗಾಗಿತ್ತು. ಕೆಳಗಿನ ಸೂತ್ರಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನೇ ತಡೆಯಲು.

1. ಅಳತೆ ತೂಕದಲ್ಲಿರಲಿ. ಸುಮಾರು 20 ಕಿಬ್ಬೆಯ ಕಣಕಕ್ಕೆ ಕೊಬ್ಬಿಲ್ಲದ ಮಾಂಸ 400 ಗ್ರಾಂ, ಬುಲ್ಗರ್ 250 ಗ್ರಾಂ, ಒಂದು ಈರುಳ್ಳಿ, ಒಂದೂವರೆ ಚಮಚ ಉಪ್ಪು. ಹೂರಣಕ್ಕೆ ಖೀಮಾ 200 ಗ್ರಾಂ, ಈರುಳ್ಳಿ ಎರಡು. ಲೋಟದ ಲೆಕ್ಕ ಇಲ್ಲಿ ಕೈಕೊಡುತ್ತದೆ.

2. ಬುಲ್ಗರ್ ಬೇರೆ, ನಮ್ಮ ಗೋಧಿ ನುಚ್ಚು ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. ಬುಲ್ಗರ್ ಎಂದರೆ ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಒಡೆದದ್ದು. ನಮ್ಮ ಕುಸುಬಲಕ್ಕಿಯ ಉಪಾಯವೇ, ಗೋಧಿಗೆ ಮಾಡಿದ್ದು. ಒಮ್ಮೆ ಬೆಂದಿರುವುದರಿಂದ ತಣ್ಣೀರಲ್ಲೇ ಮೆತ್ತಗಾಗುತ್ತದೆ. ಉಪ್ಪಿಟ್ಟು ಮಾಡುವ ನುಚ್ಚು ಹಸಿ ಗೋಧಿಯದು. ಎಷ್ಟು ನೆನೆಸಿದರೂ ಹಲ್ಲಿಗೆ ಮರಳು ಸಿಕ್ಕಂತೆ. ಬುಲ್ಗರಿನಲ್ಲೂ ನಾಲ್ಕು ಗಾತ್ರ ಬರುತ್ತದೆ. ಕಿಬ್ಬೆಗೆ ಬೇಕಾದ್ದು ಅತಿ ಸಣ್ಣದು, ಪೊಟ್ಟಣದ ಮೇಲೆ 1 ಎಂದಿರುತ್ತದೆ. ದಪ್ಪದ್ದು ಮಾತ್ರ ಸಿಕ್ಕರೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ಜರಡಿ ಹಿಡಿಯಿರಿ.

3. ಹದಿನೈದು ನಿಮಿಷ ನೆನೆಸಿ, ನಂತರ ಹಿಂಡಿ. ಹಿಂಡಿ ಎಂದರೆ ಹಿಂಡಿಯೇ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ತೊಟ್ಟಿಕ್ಕುವುದು ನಿಲ್ಲುವ ತನಕ ತಿರುಚಿ. ಉಳಿದ ನೀರು ಎಣ್ಣೆಯಲ್ಲಿ ಆವಿಯಾಗಿ ಹೊರಗೆ ದಾರಿ ಹುಡುಕುತ್ತದೆ, ಕಣಕ ಬಿರಿಯುವುದು ಆಗಲೇ.

4. ಕಣಕಕ್ಕೆ ಕೊಬ್ಬು ಬೇಡ. ಹಿಂದೊಡೆಯ ಮಾಂಸ ತಂದು ಕೊಬ್ಬು, ನರ, ಬಿಳಿ ಪೊರೆ ಎಲ್ಲ ಬಿಡಿಸಿ. ಅಲ್ಲಿನವರು ಕುರಿಮಾಂಸ ಬಳಸುತ್ತಾರೆ. ನಮ್ಮ ಆಡಿನ ಮಾಂಸವೂ ಚೆನ್ನಾಗಿ ಆಗುತ್ತದೆ, ಕೊಬ್ಬು ಕಡಿಮೆ ಇರುವುದು ಇಲ್ಲಿ ಲಾಭವೇ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಖೀಮಾ ಹೂರಣಕ್ಕಿರಲಿ.

5. ಅರೆಯುವಾಗ ತಂಪು ಬಿಡಬೇಡಿ. ಹಿಂದೆ ಇದನ್ನು ‘ಜುರ್ನ್’ ಎಂಬ ಕಲ್ಲಿನ ಒರಳಿನಲ್ಲಿ ಮರದ ಒನಕೆಯಿಂದ ಕುಟ್ಟುತ್ತಿದ್ದರು. ಗಂಟೆಗಟ್ಟಲೆ ಕೆಲಸ, ಆದರೆ ಕಲ್ಲು ತಂಪು, ಕುಟ್ಟುವ ಕೈ ನಿಧಾನ. ಮಿಕ್ಸಿ ಜಾರು ಎರಡೇ ನಿಮಿಷಕ್ಕೆ ಕಾದುಬಿಡುತ್ತದೆ; ಮಾಂಸ ಅಂಟು ಕಳೆದುಕೊಂಡು ನೀರು ಬಿಡುತ್ತದೆ. ಆದ್ದರಿಂದ ಮಾಂಸ, ಈರುಳ್ಳಿ, ಜಾರು ಮೂರನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಐದೈದು ಸೆಕೆಂಡಿಗೆ ನಿಲ್ಲಿಸುತ್ತಾ, ಒಂದೆರಡು ಐಸ್ ತುಂಡು ಹಾಕಿ ಮಾಂಸ, ಈರುಳ್ಳಿ ನುಣ್ಣಗೆ ಮಾಡಿ. ಬುಲ್ಗರ್, ಉಪ್ಪು, ಒಂದು ಚಮಚ ಆಲ್‌ಸ್ಪೈಸ್, ಅರ್ಧ ಚಮಚ ಚಕ್ಕೆ ಪುಡಿ ಸೇರಿಸಿ ಚಪಾತಿ ಹಿಟ್ಟಿನಂತೆ ಹತ್ತು ನಿಮಿಷ ನಾದಿ. ಹದ ನೋಡುವುದು ಹೀಗೆ: ಒಂದು ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ಎಳೆಯಿರಿ. ತುಂಡಾಗುವ ಮುಂಚೆ ಸ್ವಲ್ಪ ಜಗ್ಗಿದರೆ ಸರಿ, ಪುಡಿಪುಡಿಯಾಗಿ ಉದುರಿದರೆ ಇನ್ನೂ ನಾದಬೇಕು. ಮೊಟ್ಟೆ, ಮೈದಾ ಹಾಕುವ ಯೋಚನೆ ಬರುತ್ತದೆ. ಹಾಕಬೇಡಿ, ಅದು ಕಟ್ಲೆಟ್ ಆಗುತ್ತದೆ.

6. ಹೂರಣ ಒಣಗಿರಲಿ, ತಣ್ಣಗಿರಲಿ. ಈರುಳ್ಳಿ ಕೆಂಪಗೆ ಬಾಡಿಸಿ, ಖೀಮಾ ಹಾಕಿ ನೀರೆಲ್ಲ ಇಂಗುವವರೆಗೆ ಹುರಿಯಿರಿ. ಕೊನೆಗೆ ತುಪ್ಪದಲ್ಲಿ ಹುರಿದ ಚಿಲ್ಗೋಜಾ (ಪೈನ್ ಬೀಜ) ಒಂದು ಹಿಡಿ, ಒಂದು ಚಮಚ ದಾಳಿಂಬೆ ಕಾಕಂಬಿ. ಚಿಲ್ಗೋಜಾ ಬೆಲೆ ಕೇಳಿ ಎದೆ ಧಸಕ್ಕೆಂದರೆ ಅಕ್ರೋಟು ಚೂರು ಹಾಕಿ, ಅಲ್ಲಿನ ಎಷ್ಟೋ ಮನೆಗಳಲ್ಲೂ ಅದನ್ನೇ ಹಾಕುತ್ತಾರೆ. ಕಾಕಂಬಿ ಸಿಗದಿದ್ದರೆ ನಿಂಬೆರಸಕ್ಕೆ ಚಿಟಿಕೆ ಬೆಲ್ಲ.

7. ತುಂಬುವುದು ತೋರುಬೆರಳಿನ ಕೆಲಸ. ಪಕ್ಕದಲ್ಲಿ ಐಸ್ ನೀರಿನ ಬಟ್ಟಲಿಡಿ, ಕೈ ಅದ್ದುತ್ತಿರಿ. ಸಣ್ಣ ಮೊಟ್ಟೆಯಷ್ಟು ಕಣಕ ಎಡಗೈಯಲ್ಲಿ. ಬಲಗೈ ತೋರುಬೆರಳನ್ನು ಮಧ್ಯಕ್ಕೆ ಇಳಿಸಿ, ಬೆರಳು ಅಲ್ಲಾಡಿಸದೆ, ಎಡ ಅಂಗೈಯನ್ನೇ ಮುಚ್ಚಿ ತೆರೆದು ಉಂಡೆಯನ್ನು ತಿರುಗಿಸುತ್ತಾ ಹೋಗಿ. ಗೋಡೆ ತೆಳುವಾಗುತ್ತಾ ಬೆರಳಿನ ಮೇಲೆ ಏರುತ್ತದೆ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ. ಎರಡು ಚಿಕ್ಕ ಚಮಚ ಹೂರಣ, ಹೆಚ್ಚಿನ ಆಸೆ ಬೇಡ. ಬಾಯಿ ಕೂಡಿಸಿ, ಒದ್ದೆ ಕೈಯಲ್ಲಿ ಎರಡೂ ತುದಿ ಚೂಪು ಮಾಡಿ. ಕಡುಬು, ಮೋದಕ ಮಾಡಿದ ಕೈಗೆ ಐದನೆಯ ಕಿಬ್ಬೆಯ ಹೊತ್ತಿಗೆ ಪಳಗುತ್ತದೆ. ಒಳಗೆ ಗಾಳಿ ಉಳಿಯದಂತೆ ನೋಡಿ. ಬಿರುಕು ಕಂಡರೆ ತೊಯ್ದ ಬೆರಳಿನಿಂದ ಆಗಲೇ ಸವರಿ. ಎಣ್ಣೆಗೆ ಬಿದ್ದ ಮೇಲೆ ಸವರಲಾಗದು.

8. ಫ್ರಿಜ್ಜಿನಲ್ಲಿ ಅರ್ಧ ಗಂಟೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಾಳೆಗೆ, ಮುಂದಿನ ವಾರಕ್ಕೆ ಬೇಕಿದ್ದರೆ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಕರಿಯುವಾಗ ಕರಗಿಸಬೇಡಿ, ಉರಿ ಸ್ವಲ್ಪ ತಗ್ಗಿಸಿ ಹಾಗೆಯೇ ಬಿಡಿ.

9. ಎಣ್ಣೆ 175ರಿಂದ 180 ಡಿಗ್ರಿ. ಮಾಪಕ ಇಲ್ಲದವರು ಕಡಲೆಗಾತ್ರದ ಕಣಕ ಹಾಕಿ ನೋಡಿ: ತಳಕ್ಕೆ ಹೋಗಿ ತಕ್ಷಣ ಗುಳ್ಳೆಯೊಂದಿಗೆ ಮೇಲೆ ಬರಬೇಕು. ಎಣ್ಣೆ ಸಾಕಷ್ಟು ಕಾಯದಿದ್ದರೆ ಕಿಬ್ಬೆ ಎಣ್ಣೆ ಕುಡಿಯುತ್ತದೆ. ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ಬೇಡ, ಎಣ್ಣೆ ತಣ್ಣಗಾಗುತ್ತದೆ. ಹಾಕಿದ ಮೊದಲ ನಿಮಿಷ ಸೌಟು ಮುಟ್ಟಿಸಬೇಡಿ, ಮೇಲ್ಪದರ ಗಟ್ಟಿಯಾಗಲಿ. ಐದು ನಿಮಿಷಕ್ಕೆ ಗಾಢ ಕಂದು ಬರುತ್ತದೆ. ಹೊನ್ನಿನ ಬಣ್ಣಕ್ಕೇ ತೆಗೆದರೆ ಕಣಕದ ಮಾಂಸ ಹಸಿ ಉಳಿಯಬಹುದು. ಬಾಯಿಬಿಟ್ಟದ್ದನ್ನು ಒಲೆ ಮುಂದೆ ನಿಂತವರೇ ತಿನ್ನಬೇಕು, ಅದು ಅವರ ಹಕ್ಕು. ಮಿಕ್ಕದ್ದಕ್ಕೆ ಪುದೀನ, ಸೌತೆಕಾಯಿ ಕಲಸಿದ ಗಟ್ಟಿ ಮೊಸರು ಸಾಕು. ಕೆಚಪ್ ಹತ್ತಿರ ತರಬೇಡಿ.

10. ಒಂದರಿಂದ ಹಲವು. ಸಿರಿಯಾದ ಅಲೆಪ್ಪೊ ಊರು ಕಿಬ್ಬೆಯ ಬಗೆಗಳಿಗೇ ಹೆಸರುವಾಸಿ. ಇರಾಕಿನ ಮೊಸುಲ್‌ನಲ್ಲಿ ಅದು ತಟ್ಟೆಯಂತೆ ಅಗಲ, ನೀರಲ್ಲಿ ಬೇಯಿಸುತ್ತಾರೆ. ವಲಸೆ ಹೋದವರ ಜೊತೆ ಬ್ರೆಜಿಲ್ ಮುಟ್ಟಿ ಅಲ್ಲಿನ ತಿಂಡಿ ಅಂಗಡಿಗಳಲ್ಲಿ ‘ಕಿಬಿ’ ಆಗಿದೆ. ಮಾಂಸ ತಿನ್ನದವರಿಗೂ ದಾರಿ ಇದೆ: ಲೆಬನಾನಿನ ಕ್ರೈಸ್ತರು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೇಯಿಸಿದ ಸಿಹಿಗುಂಬಳವನ್ನು ಬುಲ್ಗರಿಗೆ ಕಲಸಿ, ಪಾಲಕ್, ಕಾಬೂಲಿ ಕಡಲೆ ತುಂಬುತ್ತಾರೆ. ಇನ್ನು ಕೈ ಸೋತು ಕಣಕ, ಹೂರಣ ಎರಡೂ ಉಳಿದಿದ್ದರೆ ಉಂಡೆ ಕಟ್ಟುವ ಹಟ ಬಿಡಿ. ಎಣ್ಣೆ ಸವರಿದ ತಟ್ಟೆಗೆ ಅರ್ಧ ಕಣಕ ತಟ್ಟಿ, ಮೇಲೆ ಹೂರಣ ಹರಡಿ, ಉಳಿದರ್ಧ ಮುಚ್ಚಿ. ಮೈಸೂರು ಪಾಕಿಗೆ ಗೆರೆ ಹಾಕಿದಂತೆ ಚಾಕುವಿನಿಂದ ಕೊಯ್ದು, ತುಪ್ಪ ಹನಿಸಿ, 200 ಡಿಗ್ರಿ ಓವನ್ನಿನಲ್ಲಿ 40 ನಿಮಿಷ. ಇದನ್ನು ಅಲ್ಲಿ ‘ಕಿಬ್ಬೆ ಬಿಲ್ ಸನಿಯೆ’ ಅನ್ನುತ್ತಾರೆ, ತಟ್ಟೆ ಕಿಬ್ಬೆ.